ಹಾಡುವ ಪೆಟ್ಟಿಗೆಗೆ ನಾನು ಕೊಟ್ಟ ಪ್ರಮಾಣಪತ್ರ

ಸಭೆ ಸಮಾರಂಭಗಳಲ್ಲಿ ವಂದನಾರ್ಪಣೆಯನ್ನು ಕೊನೆಗೆ ಇಡುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಉಳಿದರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ, ವಂದನೆ ಯಾರಿಗೂ ತಲುಪುವುದಿಲ್ಲ. ಆದ್ದರಿಂದ ನಾನು ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ನನ್ನ ಹೆಂಡತಿಗೆ, ಅವಳ ತಮ್ಮನಿಗೆ, ಮೇಲಿನ ಮನೆಯ ಮೇಡಂಗೆ, ನಮ್ಮ ಕಟ್ಟಡದ ಕಾರ್ಯದರ್ಶಿಗೆ ಅನಂತ ವಂದನೆಗಳು. ಇಷ್ಟೂ ಜನರ ಮುಂದೆ ಒಂದೇ ಸಂಜೆ ನನ್ನ ಮಾನ ಹೋಯಿತು. ಹೋದದ್ದು ಎಷ್ಟು ಒಳ್ಳೆಯದಾಯಿತು ಎಂದು ತಿಳಿಸುವುದಕ್ಕೇ ಈ ಬರಹ.

ನಾನು ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ಕೇಳುವವನು. ಕಾಗದದಲ್ಲಿ ಹುದ್ದೆಯ ಹೆಸರು ಇನ್ನೂ ಉದ್ದವಾಗಿದೆ, ಕೆಲಸ ಮಾತ್ರ ಇಷ್ಟೇ. ಮುಂಜಾನೆ ರಸ್ತೆ ಗದ್ದಲ ಶುರುಮಾಡುವ ಮೊದಲು ಒಂದು ಉಕ್ಕಿನ ಕಡ್ಡಿಯ ತುದಿಯನ್ನು ನೆಲಕ್ಕೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು, ಮೂರಡಿ ಆಳದಲ್ಲಿ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳಬೇಕು. ಬಿರುಕು ಬಿಟ್ಟ ಪೈಪು ಸುಯ್ಯೆನ್ನುತ್ತದೆ, ಸಡಿಲವಾದ ಜೋಡಣೆ ಗೊಣಗುತ್ತದೆ. ನಾನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಗುರುತು ಹಾಕಿದ ಕಡೆ ನನ್ನ ಜೊತೆಗಾರ ಅಗೆಯುತ್ತಾನೆ. ಇಲಾಖೆಯಲ್ಲಿ ಎಲ್ಲರೂ ಅವನನ್ನು ಗುದ್ದಲಿ ಎಂದೇ ಕರೆಯುತ್ತಾರೆ. ಮಾತು ಕಡಿಮೆ, ಅಗೆತ ಜಾಸ್ತಿ. ಹದಿನಾರು ವರ್ಷದಲ್ಲಿ ನನ್ನ ಗುರುತಿನ ಕೆಳಗೆ ನೀರು ಸಿಗದೆ ಅವನು ಗುಂಡಿ ಮುಚ್ಚಿದ್ದು ಮೂರೇ ಸಲ. ಅದರಲ್ಲೂ ಒಂದು ಸಲ ತಪ್ಪು ಪೈಪಿನದು.

ನನಗೆ ಈ ಕೆಲಸವೆಂದರೆ ಪ್ರಾಣ. ಇಡೀ ಬೀದಿ ಕಾಲಡಿಯಲ್ಲಿ ಇಟ್ಟುಕೊಂಡ ಗುಟ್ಟು ನನ್ನೊಬ್ಬನಿಗೇ ಕೇಳಿಸುತ್ತದೆ ಎಂಬ ಜಂಬವನ್ನು ನಾನು ಮುಚ್ಚಿಟ್ಟವನಲ್ಲ.

ಮುಚ್ಚಿಟ್ಟದ್ದು ಬೇರೆ. ಮೂರು ವರ್ಷದ ಹಿಂದೆ ನನಗೊಂದು ಜ್ವರ ಬಂತು. ಅದು ಹೋಗುವಾಗ ಬರಿಗೈಲಿ ಹೋಗಲಿಲ್ಲ, ನನ್ನ ಎಡಗಿವಿಯನ್ನು ತೆಗೆದುಕೊಂಡು ಹೋಯಿತು. ಕಿವಿ ನೋಡುವುದಕ್ಕೆ ಹಾಗೇ ಇದೆ, ಕನ್ನಡಕ ಹಿಡಿದುಕೊಳ್ಳುವ ಕೆಲಸ ನಿಷ್ಠೆಯಿಂದ ಮಾಡುತ್ತದೆ, ಕೇಳುವ ಕೆಲಸಕ್ಕೆ ಮಾತ್ರ ರಾಜೀನಾಮೆ ಕೊಟ್ಟಿದೆ. ನಾನು ಯಾರಿಗೂ ಹೇಳಲಿಲ್ಲ. ಕಡ್ಡಿ ಇಡುವುದು ಬಲಗಿವಿಗೆ. ಕಡ್ಡಿಗೆ ಗೊತ್ತಾಗದ ವಿಷಯ ಇಲಾಖೆಗೆ ಯಾಕೆ ಗೊತ್ತಾಗಬೇಕು ಎಂದು ಸುಮ್ಮನಿದ್ದೆ. ಒಂದೇ ತೊಂದರೆ ಎಂದರೆ, ಸದ್ದು ಕೇಳುತ್ತದೆ, ಯಾವ ದಿಕ್ಕಿನಿಂದ ಬಂತು ಎಂದು ತಿಳಿಯುವುದಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ ನಾನು ಮೊದಲು ಗೋಡೆಯನ್ನು ನೋಡಿ ನಗುತ್ತಿದ್ದೆ.

ಹೀಗೆ ಸುಖವಾಗಿ ಸಾಗುತ್ತಿದ್ದಾಗ ಹೊಸ ಇಂಜಿನಿಯರು ಬಂದರು. ಬಂದ ವಾರದಲ್ಲೇ ಸೂಚನಾ ಫಲಕದಲ್ಲಿ ಒಂದು ಕಾಗದ ಅಂಟಿಸಿದರು. 'ರಸ್ತೆಯಲ್ಲಿ ಕೆಲಸ ಮಾಡುವ ಎಲ್ಲ ನೌಕರರ ಎರಡೂ ಕಿವಿಗಳ ಪರೀಕ್ಷೆಯನ್ನು ಇಪ್ಪತ್ತನೇ ತಾರೀಕು ನಡೆಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ನಾವೆಲ್ಲ ಕಾಗದದ ಮುಂದೆ ಗುಂಪುಗೂಡಿದೆವು. ಸೂಕ್ತ ಕ್ರಮ ಎಂದರೆ ಏನು ಎಂದು ಯಾರೂ ಇಂಜಿನಿಯರನ್ನು ಕೇಳಲಿಲ್ಲ. ಕೇಳಿ ತಿಳಿದುಕೊಳ್ಳುವುದು ನಮ್ಮ ಇಲಾಖೆಯ ಪದ್ಧತಿಯಲ್ಲ, ಊಹಿಸಿ ಹೆದರುವುದು ಪದ್ಧತಿ. ಸಂಜೆಯೊಳಗೆ ಎಲ್ಲರೂ ಒಮ್ಮತಕ್ಕೆ ಬಂದರು: ಫೇಲಾದವರಿಗೆ ದೂರು ಕೌಂಟರ್.

ದೂರು ಕೌಂಟರ್ ಎಂದರೆ ಗಾಜಿನ ಹಿಂದಿನ ಒಂದು ಕುರ್ಚಿ. ನೀರು ಬರದವರು ಬಂದು ಕೂಗುತ್ತಾರೆ, ಬಂದ ನೀರು ಕೆಂಪಗಿದ್ದವರು ಇನ್ನೂ ಜೋರಾಗಿ ಕೂಗುತ್ತಾರೆ. ಅಲ್ಲಿ ಕೂರುವವನಿಗೆ ಎರಡೂ ಕಿವಿ ಇಲ್ಲದಿದ್ದರೇ ಆರೋಗ್ಯ. ಆದರೆ ನನ್ನ ಕಡ್ಡಿ? ಅದು ಬೇರೆ ಯಾರದೋ ಕಿವಿಗೆ ಹೋಗುತ್ತದೆ ಎಂದು ನೆನೆದು ರಾತ್ರಿ ಎದ್ದೆದ್ದು ಕಡ್ಡಿ ಮುಟ್ಟಿ ನೋಡುತ್ತಿದ್ದೆ.

ಇಂಥ ಹೊತ್ತಿನಲ್ಲಿ ನನ್ನ ಭಾವಮೈದುನ ಒಂದು ಪೆಟ್ಟಿಗೆ ಹೊತ್ತುಕೊಂಡು ಬಂದ. ಅವನದು ಮುಖ್ಯರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ. ಪೆಟ್ಟಿಗೆಯೊಳಗಿದ್ದದ್ದು ಒಂದು ಆಂಪ್ಲಿಫೈಯರ್. ದಪ್ಪ ನಿಘಂಟಿನಷ್ಟು ಗಾತ್ರ, ಮುಂದೆ ಒಂದೇ ಒಂದು ಗುಂಡಿ, ಪಕ್ಕದಲ್ಲಿ ಒಂದು ನೀಲಿ ದೀಪ. ಫೋನಿನಲ್ಲಿ ಹಾಡು ಮುಟ್ಟಿದರೆ ಅದು ಇಂಟರ್ನೆಟ್ಟಿನಿಂದ ತಾನೇ ಎಳೆದುಕೊಂಡು ಎರಡು ಸ್ಪೀಕರಿನಲ್ಲಿ ನುಡಿಸುತ್ತದೆ.

"ಭಾವ, ನೀವು ಇದನ್ನ ಒಂದು ವಾರ ಕೇಳ್ಬೇಕು. ಕೇಳಿ, ಸದ್ದು ಹೇಗಿದೆ ಅಂತ ಹತ್ತು ಸಾಲು ಬರ್ದುಕೊಡ್ಬೇಕು. ಅಂಗಡಿ ಗಾಜಿಗೆ ಅಂಟಿಸ್ತೀನಿ," ಅಂದ.

"ನನಗೆ ಸಂಗೀತ ಎಲ್ಲಿ ಗೊತ್ತು ಮಾರಾಯ?"

"ಸಂಗೀತ ಗೊತ್ತಿರೋರು ಬೀದಿಗೆ ಹತ್ತು ಜನ ಸಿಗ್ತಾರೆ. ಮಣ್ಣಿನ ಕೆಳಗಿನ ಹನಿ ಕೇಳಿಸೋ ಕಿವಿ ಯಾರಿಗಿದೆ? ಮೇಲ್ಗಡೆ ನಿಮ್ಮ ಹುದ್ದೆ ದಪ್ಪಕ್ಷರದಲ್ಲಿ ಹಾಕಿಸ್ತೀನಿ."

ಬೇರೆ ದಿನವಾಗಿದ್ದರೆ ಬೇಡ ಎನ್ನುತ್ತಿದ್ದೆ. ಅವತ್ತು ನನ್ನ ತಲೆ ಓಡಿತು. ಹೊಸ ಇಂಜಿನಿಯರು ದಿನಾ ಆ ಅಂಗಡಿ ಮುಂದೆಯೇ ನಡೆದು ಬರುತ್ತಾರೆ. 'ಈ ನಗರದ ಅತಿ ಸೂಕ್ಷ್ಮ ಕಿವಿಯ ತೀರ್ಪು' ಎಂದು ಗಾಜಿನ ಮೇಲೆ ದಪ್ಪಕ್ಷರದಲ್ಲಿ ಕಂಡರೆ, ಅಂಥವನನ್ನು ಪರೀಕ್ಷೆಗೆ ಕೂರಿಸುವುದೇ ಅವಮಾನ ಎಂದು ಅವರಿಗೆ ಅನ್ನಿಸದೆ ಇರುತ್ತದೆಯೇ? ನನಗೆ ಬೇಕಾದದ್ದು ಹಾಡಲ್ಲ, ಪ್ರಮಾಣಪತ್ರ. ಪೆಟ್ಟಿಗೆಗೆ ನಾನು ಕೊಟ್ಟರೆ ಅದು ನನಗೆ ಕೊಟ್ಟ ಹಾಗೆ.

ಭಾವಮೈದುನ ಪೆಟ್ಟಿಗೆಯನ್ನು ಕಪಾಟಿನ ಮೇಲೆ ಕೂರಿಸಿ, ಕಟ್ಟಡಕ್ಕೆಲ್ಲ ಒಂದೇ ಆಗಿರುವ ಇಂಟರ್ನೆಟ್ಟಿಗೆ ಜೋಡಿಸಿ, ಅದಕ್ಕೆ 'ಹಾಲ್' ಎಂದು ಹೆಸರಿಟ್ಟು, ನನ್ನ ಫೋನಿನಲ್ಲಿ ಒಂದು ಹಾಡು ಹಾಕಿ ತೋರಿಸಿದ. ಕೊಳಲಿನಿಂದ ಶುರುವಾಗಿ, ಆಮೇಲೆ ಒಬ್ಬಾಕೆ ನಿಧಾನವಾಗಿ ಹಾಡುವ ಹಾಡು. ಸದ್ದು ನೇರವಾಗಿ ಬಂದು ಮುಖಕ್ಕೆ ಹೊಡೆಯಿತು.

"ಸ್ವಲ್ಪ ಒರಟು ಅನ್ಸುತ್ತೆ," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಆಹಾ, ಕಿವಿ ಅಂದ್ರೆ ಇದು! ಹೊಸದಲ್ವಾ ಭಾವ, ಎರಡು ದಿನ ಬಿಟ್ರೆ ಪಳಗುತ್ತೆ, ಸದ್ದು ಮೃದು ಆಗುತ್ತೆ," ಎಂದು ಹೇಳಿ ಹೊರಟುಹೋದ.

ಮಾರನೇ ದಿನ ಸಂಜೆ ಐದೂವರೆಗೆ ನಾನು ಪರೀಕ್ಷೆಗೆ ಕುಳಿತೆ. ಹೆಂಡತಿ ಹೊಲಿಗೆ ಅಂಗಡಿಯಿಂದ ಬರುವುದು ಏಳಕ್ಕೆ. ಮನೆಯಲ್ಲಿ ನಾನು, ಪೆಟ್ಟಿಗೆ, ಒಂದು ನೋಟ್‌ಬುಕ್. ಫೋನು ತೆರೆದರೆ 'ಹಾಲ್' ಎಂದು ಎರಡು ಸಲ ಬರೆದಿತ್ತು. ಎರಡು ಸ್ಪೀಕರ್ ಇದೆಯಲ್ಲ, ಒಂದಕ್ಕೊಂದು ಇರಬೇಕು ಎಂದುಕೊಂಡು ಮೇಲಿನದನ್ನು ಒತ್ತಿದೆ.

ಕೊಳಲು ಬಂತು. ಏನು ಹೇಳಲಿ! ನಿನ್ನೆಯ ಒರಟುತನದ ಸುಳಿವೇ ಇಲ್ಲ. ಸದ್ದು ಮಾಗಿದೆ, ಮೃದುವಾಗಿದೆ, ಹೊದಿಕೆಯೊಳಗಿನಿಂದ ಬಂದ ಹಾಗಿದೆ. ಒಂದೇ ದಿನದಲ್ಲಿ ಪೆಟ್ಟಿಗೆ ಪಳಗಿತ್ತು. ನಾನು ಬರೆದುಕೊಂಡೆ: 'ಸದ್ದು ಪೆಟ್ಟಿಗೆಯಿಂದ ಬರುತ್ತಿದೆ ಎಂದೇ ಅನ್ನಿಸುವುದಿಲ್ಲ.' ಗುಂಡಿಯನ್ನು ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಕೊನೆಯವರೆಗೂ ತಿರುಗಿಸಿದೆ. ಒಂದು ಚೂರೂ ವ್ಯತ್ಯಾಸವಿಲ್ಲ. 'ಗುಂಡಿಯನ್ನು ಎಷ್ಟು ತಿರುಗಿಸಿದರೂ ಸ್ವಭಾವ ಬದಲಿಸದ ಸ್ಥಿರಚಿತ್ತ.'

ಸ್ಪೀಕರಿಗೆ ಕಿವಿ ಒಡ್ಡಿದರೆ ಅಷ್ಟೇನೂ ವಿಶೇಷವಿಲ್ಲ. ಆಗ ನನ್ನ ವೃತ್ತಿ ನೆನಪಾಯಿತು. ಕಡ್ಡಿ ತಂದು ಒಂದು ತುದಿಯನ್ನು ಗೋಡೆಗೆ ಊರಿ ಇನ್ನೊಂದನ್ನು ಬಲಗಿವಿಗೆ ಇಟ್ಟುಕೊಂಡೆ. ಅಬ್ಬಬ್ಬಾ! ಹಾಡುವಾಕೆ ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು. ಇನ್ನೂ ಎತ್ತರಕ್ಕೆ, ಸ್ಟೂಲು ಹತ್ತಿ ಚಾವಣಿಗೆ ಊರಿದೆ. ಡೋಲಿನ ಚರ್ಮ ಅದುರುವುದು ಎಣಿಸುವಷ್ಟು ಸ್ಪಷ್ಟ. 'ಇದರ ತಗ್ಗುಸ್ವರ ಕಟ್ಟಡದ ಮೂಳೆಯವರೆಗೆ ಇಳಿಯುತ್ತದೆ. ಚಾವಣಿಯಲ್ಲಿ ಕೇಳುವುದು ಅತ್ಯುತ್ತಮ.' ಸ್ಟೂಲಿನ ಮೇಲೆ ನಿಂತು ಆ ಹಾಡನ್ನು ಐದು ಸಲ ಕೇಳಿದೆ.

ಆರು ಗಂಟೆ ದಾಟುತ್ತಿದ್ದ ಹಾಗೆ ಹಾಡು ಫಕ್ಕನೆ ನಿಂತಿತು. ಹೆದರಿ ಪೆಟ್ಟಿಗೆ ಮುಟ್ಟಿದೆ. ತಣ್ಣಗಿತ್ತು. 'ದಣಿವಾದಾಗ ತಾನಾಗಿಯೇ ವಿರಮಿಸುತ್ತದೆ. ವಿರಮಿಸಿದ ಮರುಕ್ಷಣ ಬಿಸಿಯ ಕುರುಹೂ ಇರುವುದಿಲ್ಲ.' ಮಾರನೇ ದಿನವೂ ಹೀಗೇ, ಅದರ ಮಾರನೇ ದಿನವೂ ಹೀಗೇ. ಸರ್ಕಾರಿ ನೌಕರನಿಗಿಂತ ಸಮಯಪಾಲನೆಯ ಪೆಟ್ಟಿಗೆ ಎಂದು ಬರೆದು, ಇಂಜಿನಿಯರು ಓದುತ್ತಾರೆ ಎಂದು ನೆನಪಾಗಿ ಹೊಡೆದುಹಾಕಿದೆ.

ನಾಲ್ಕನೇ ದಿನ ಕಟ್ಟಡದ ಕಾರ್ಯದರ್ಶಿ ಬಂದರು. ನಿವೃತ್ತ ಅಂಚೆ ಅಧಿಕಾರಿ, ಕೈಯಲ್ಲಿ ಸದಾ ಛತ್ರಿ, ಎಂಟು ಮನೆಯ ಕಟ್ಟಡವನ್ನು ಎಂಟು ಜಿಲ್ಲೆಯ ಹಾಗೆ ಆಳುವವರು.

"ನೋಡ್ರಿ, ವಿಷಯ ಗಂಭೀರ ಇದೆ. ಮೇಲಿನ ಮನೆ ಮೇಡಂ ಕೆಲಸಕ್ಕೆ ಹೋದಾಗ ಯಾರೋ ಬೀಗ ಹಾಕಿದ ಮನೆಯೊಳಗೆ ನುಗ್ಗಿ ಹಾಡು ಹಾಕ್ಕೊಂಡು ಕೂರ್ತಿದ್ದಾರಂತೆ."

"ಏನು ಕದ್ದಿದ್ದಾರೆ?"

"ಏನೂ ಇಲ್ಲ. ಬರೋದು, ಹಾಡು ಕೇಳೋದು, ಹೋಗೋದು. ಇಂಥ ಕಳ್ಳನ್ನ ನಾನು ಮೂವತ್ತೆರಡು ವರ್ಷದ ಸರ್ವೀಸಲ್ಲಿ ನೋಡಿಲ್ಲ. ನೀವು ಸರಿಯಾಗಿ ಕೆಳಗಿನ ಮನೇಲಿರೋರು. ನಿಮ್ಮ ಕಿವಿ ಎಂಥದ್ದು ಅಂತ ಎಲ್ರಿಗೂ ಗೊತ್ತು. ಮೇಲಿಂದ ಏನಾದ್ರೂ ಕೇಳಿಸ್ತಾ?"

ನನ್ನ ಕಿವಿಯ ಮಾತು ಬಂದಮೇಲೆ ಹಿಂದೆ ಸರಿಯುವುದುಂಟೇ? "ಸ್ವಾಮಿ, ಈ ಕಟ್ಟಡದಲ್ಲಿ ಸೂಜಿ ಬಿದ್ರೂ ಯಾವ ನಂಬರಿನ ಸೂಜಿ ಅಂತ ಹೇಳ್ತೀನಿ. ನಾನು ದಿನಾ ಸಂಜೆ ಚಾವಣಿಗೇ ಕಡ್ಡಿ ಇಟ್ಟುಕೊಂಡು ಕೂತಿರ್ತೀನಿ. ಮೇಲಿಂದ ಏನೇನೂ ಬಂದಿಲ್ಲ."

ಕಾರ್ಯದರ್ಶಿ ತಲೆ ಕೆಡಿಸಿಕೊಂಡು ಹೋಗಿ ಮೆಟ್ಟಿಲ ಬಳಿ ನೋಟಿಸು ಹಾಕಿದರು: 'ಸಂಗೀತ ಕೇಳುವ ಉದ್ದೇಶದಿಂದ ಪರರ ಮನೆ ಪ್ರವೇಶಿಸುವುದನ್ನು ನಿಷೇಧಿಸಲಾಗಿದೆ.' ಅದನ್ನು ಓದಿದ ಇಸ್ತ್ರಿಯವನು ಅಂದಿನಿಂದ ಬಟ್ಟೆಯನ್ನು ಹೊಸಿಲಾಚೆಯಿಂದಲೇ ಎಸೆಯತೊಡಗಿದ.

ಎರಡು ದಿನದ ಮೇಲೆ ಮೆಟ್ಟಿಲಲ್ಲಿ ಮೇಲಿನ ಮನೆಯ ಮೇಡಂ ಸಿಕ್ಕಿದರು. ಅವರು ಬಂದು ಎರಡೇ ತಿಂಗಳು. ದೊಡ್ಡಾಸ್ಪತ್ರೆಯಲ್ಲಿ ಏನೋ ಕೆಲಸ, ಒಬ್ಬರೇ ಇರುವುದು ಎಂದಷ್ಟೇ ನನಗೆ ಗೊತ್ತಿತ್ತು. ಮುಖ ಬಾಡಿತ್ತು.

"ಬೀಗ ಎರಡು ಸಲ ಬದಲಾಯಿಸ್ದೆ," ಎಂದರು. "ಆದ್ರೂ ಬಂದು ಬಾಗಿಲು ತೆಗೆದ್ರೆ ಹಾಡು. ದಿನಾ ಅದೇ ಹಾಡು. ಕೊಳಲಲ್ಲಿ ಶುರುವಾಗುತ್ತೆ. ಹೋಗಿ ಸ್ವಿಚ್ ಆರಿಸ್ತೀನಿ, ಬೆಳಿಗ್ಗೆ ವಾರ್ತೆ ಕೇಳೋಕೆ ಹಾಕಿ ಹೋದ್ರೆ ಸಂಜೆ ಮತ್ತೆ ಅದೇ. ನಿಮ್ಮಂಥ ಕಿವಿ ಇರೋರೇ ಏನೂ ಕೇಳಿಸ್ಲಿಲ್ಲ ಅಂದ್ರಂತೆ. ಹಾಗಾದ್ರೆ ನನ್ನ ತಲೇಲೇ ಏನೋ ಆಗಿರ್ಬೇಕು ಅಲ್ವಾ?"

ಕೊಳಲು ಎಂದ ಕೂಡಲೇ ನಾನು ಮೆಟ್ಟಿಲ ಕಂಬಿ ಹಿಡಿದುಕೊಂಡೆ. ಅದು ನನ್ನ ಹಾಡು! ಅರೆಕ್ಷಣದಲ್ಲಿ ಎಲ್ಲ ಹೊಳೆಯಿತು, ಎಲ್ಲವೂ ತಪ್ಪಾಗಿ ಹೊಳೆಯಿತು. ನಮ್ಮ ಪೆಟ್ಟಿಗೆಯ ಸದ್ದು ಅರ್ಧ ಅಡಿ ಕಾಂಕ್ರೀಟನ್ನು ದಾಟಿ ಮೇಲಿನ ಮನೆಯಲ್ಲಿ ಮೊಳಗುತ್ತಿದೆ! ಎಂಥ ಪೆಟ್ಟಿಗೆ! ಅವರು ಸ್ವಿಚ್ ಆರಿಸಿದ ವಿಷಯ ನನ್ನ ಬಲಗಿವಿಯಲ್ಲಿ ಹೊಕ್ಕು ಎಲ್ಲಿಗೆ ಹೋಯಿತೋ, ತಲೆಗಂತೂ ಹೋಗಲಿಲ್ಲ. ಪಾಪ, ಆಕೆಯನ್ನು ಆರು ದಿನ ಹೆದರಿಸಿದೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಅಲ್ಲೇ ಹೇಳಿಬಿಡಬೇಕಿತ್ತು. ಆದರೆ ಸೂಜಿಯ ನಂಬರು ಹೇಳಿದ ಬಾಯಿ ಅದು, ತೆರೆಯಲಿಲ್ಲ.

"ಶನಿವಾರ ಐದೂವರೆಗೆ ಎಲ್ರೂ ಸೇರಿ ಕಾಯೋಣ ಮೇಡಂ. ನಾನು ಕಡ್ಡಿ ತರ್ತೀನಿ. ಆ ಸದ್ದು ಎಲ್ಲಿಂದ ಬರುತ್ತೆ ಅಂತ ಬೆರಳು ತೋರಿಸಿ ಹೇಳ್ತೀನಿ. ನಿಮ್ಮ ತಲೆಗೆ ಏನೂ ಆಗಿಲ್ಲ," ಎಂದೆ. ಆಕೆ ಕೈಮುಗಿದರು. ನನ್ನ ಲೆಕ್ಕಾಚಾರ ಸಿದ್ಧವಾಗಿತ್ತು. ಶನಿವಾರ ಎಲ್ಲರೆದುರು ಸತ್ಯ ಹೇಳಿ ಕ್ಷಮೆ ಕೇಳಿದರೆ ಆಕೆಗೆ ನೆಮ್ಮದಿ, ಪೆಟ್ಟಿಗೆಗೆ ಕೀರ್ತಿ, ಕಿವಿಗೆ ಸಾಕ್ಷಿ. ಸಂಜೆ ಭಾವಮೈದುನ ಬರಹ ಒಯ್ಯಲು ಬರುವವನಿದ್ದ. ಅವನೂ ನೋಡಲಿ.

ಶನಿವಾರ ಐದು ಇಪ್ಪತ್ತೈದಕ್ಕೆ ಹಾಡು ಒತ್ತಿ, ಫೋನನ್ನು ಮೇಜಿನ ಮೇಲಿಟ್ಟು, ಕಡ್ಡಿ ಹಿಡಿದು ಮೇಲೆ ಹೋದೆ. ಬೀಗ ಹಾಕಿದ ಬಾಗಿಲ ಮುಂದೆ ಕಾರ್ಯದರ್ಶಿ ಛತ್ರಿಯನ್ನು ಬಂದೂಕಿನಂತೆ ಹಿಡಿದು ನಿಂತಿದ್ದರು. ಮೇಡಂ ಬೀಗದ ಕೈ ಹಿಡಿದಿದ್ದರು. ಒಳಗಿನಿಂದ ಕೊಳಲು ಕೇಳುತ್ತಿತ್ತು.

"ಬಂದಿದ್ದಾನೆ," ಎಂದು ಕಾರ್ಯದರ್ಶಿ ಪಿಸುಗುಟ್ಟಿದರು. "ನೀವು ಮೊದಲು ಹೋಗಿ."

"ನಾನ್ಯಾಕೆ? ನೀವು ಕಾರ್ಯದರ್ಶಿ."

"ಅದಕ್ಕೇ ಹೇಳ್ತಿರೋದು. ನನಗೇನಾದ್ರೂ ಆದ್ರೆ ನೋಟಿಸ್ ಹಾಕೋರು ಯಾರು?"

ಮೇಡಂ ಬಾಗಿಲು ತೆರೆದರು. ನಾನು ನಿರ್ಭಯವಾಗಿ ಒಳಗೆ ಹೋದೆ, ಕಳ್ಳ ನಾನೇ ಎಂದು ಗೊತ್ತಿದ್ದವನಿಗೆ ಯಾವ ಭಯ? ಕೋಣೆ ಖಾಲಿ. ಹಾಡು ಮಾತ್ರ ತುಂಬಿ ತುಳುಕುತ್ತಿತ್ತು. ನಮ್ಮ ಮನೆಯಲ್ಲಿ ಕೇಳುವುದಕ್ಕಿಂತ ಇಲ್ಲೇ ಚೆನ್ನಾಗಿತ್ತು. ನಾನು ಬಾಗಿಲ ಪಕ್ಕದ ಪುಸ್ತಕದ ಕಪಾಟಿನ ಹತ್ತಿರ ಮಂಡಿಯೂರಿ, ಕಡ್ಡಿಯನ್ನು ನೆಲಕ್ಕೆ ಊರಿ, ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ.

"ಹೆದರ್ಬೇಡಿ," ಎಂದೆ. "ಇಲ್ಲಿ ಕಳ್ಳನೂ ಇಲ್ಲ, ಯಾರ ತಲೆಗೂ ಏನೂ ಆಗಿಲ್ಲ. ಈ ಸದ್ದು ಕೆಳಗಿಂದ ಬರ್ತಿದೆ. ನಮ್ಮ ಮನೆ ಪೆಟ್ಟಿಗೆ. ಇಷ್ಟು ದಿನ ಹೇಳ್ಲಿಲ್ಲ, ಕ್ಷಮಿಸಿ. ಆದ್ರೆ ನೋಡಿ ಅದರ ಶಕ್ತಿ! ಇಲ್ಲಿ, ಸರಿಯಾಗಿ ಈ ಜಾಗದಲ್ಲಿ ನೆಲ ಸೀಳಿಕೊಂಡು ಮೇಲೆ ಬರ್ತಿದೆ." ಜೇಬಿನಿಂದ ಸೀಮೆಸುಣ್ಣ ತೆಗೆದು ಮೇಡಂನ ಹೊಳೆಯುವ ನೆಲದ ಮೇಲೆ ಗುರುತನ್ನೂ ಹಾಕಿದೆ.

ಕಣ್ಣು ತೆರೆದೆ. ಬಾಗಿಲಲ್ಲಿ ಈಗ ಐದು ಜನ ಇದ್ದರು. ಬರಹ ಒಯ್ಯಲು ಬಂದ ಭಾವಮೈದುನ, ಅವನು ಬರುತ್ತಾನೆಂದು ಬೇಗ ಬಂದ ನನ್ನ ಹೆಂಡತಿ, ದೂರದಿಂದಲೇ ಇಣುಕುತ್ತಿದ್ದ ಇಸ್ತ್ರಿಯವನು ಸೇರಿಕೊಂಡಿದ್ದರು. ಎಲ್ಲರ ಕಣ್ಣೂ ನನ್ನ ಎಡಭುಜದ ಮೇಲೆ ನೆಟ್ಟಿತ್ತು.

"ರೀ," ಎಂದರು ಕಾರ್ಯದರ್ಶಿ. "ಹಾಡ್ತಿರೋ ಪೆಟ್ಟಿಗೆ ನಿಮ್ಮ ಎಡಗಿವಿ ಪಕ್ಕದಲ್ಲೇ ಇದೆಯಲ್ರೀ."

ತಿರುಗಿದೆ. ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ, ಕಪಾಟಿನ ಮೇಲೆ, ನಮ್ಮ ಮನೆಯದರಂಥದ್ದೇ ಪೆಟ್ಟಿಗೆ. ನೀಲಿ ದೀಪ. ಅದರ ಪಕ್ಕದ ಸ್ಪೀಕರಿನ ಬಟ್ಟೆ ಹಾಡುವಾಕೆಯ ದನಿಗೆ ಅದುರುತ್ತಿತ್ತು.

ಭಾವಮೈದುನ ಹಣೆ ಚಚ್ಚಿಕೊಂಡ. "ಅಯ್ಯೋ ಭಾವ! ಮೇಡಂಗೆ ಎರಡು ತಿಂಗಳ ಹಿಂದೆ ನಾನೇ ಹಾಕಿಕೊಟ್ಟಿದ್ದು. ಇದಕ್ಕೂ 'ಹಾಲ್' ಅಂತಾನೇ ಹೆಸರಿಟ್ಟಿದ್ದೆ. ಇಂಟರ್ನೆಟ್ ಎಲ್ರಿಗೂ ಒಂದೇ. ನೀವು ಕೆಳಗೆ ಕೂತು ಇವರ ಪೆಟ್ಟಿಗೆಗೆ ಹಾಡು ಕಳಿಸ್ತಿದ್ದೀರಿ!"

"ಹಾಗಾದ್ರೆ ನಮ್ಮ ಮನೇದು?"

"ಅದು ಆವತ್ತು ನಾನು ಹಾಡು ಹಾಕಿ ತೋರಿಸಿದ್ದೇ ಕೊನೆ, ಆಮೇಲೆ ಬಾಯಿ ಬಿಟ್ಟಿಲ್ಲ!"

ಹತ್ತು ಸಾಲಿನ ಬರಹ ನನ್ನ ಜೇಬಿನಲ್ಲಿತ್ತು. ಹೆಂಡತಿ ಅದನ್ನು ಮೆಲ್ಲಗೆ ಎಳೆದುಕೊಂಡು ಗಟ್ಟಿಯಾಗಿ ಓದಿದಳು. 'ಸ್ಥಿರಚಿತ್ತ' ಬಂದಾಗ ಕಾರ್ಯದರ್ಶಿಯ ಛತ್ರಿ ಕೈಜಾರಿತು. 'ಚಾವಣಿಯಲ್ಲಿ ಕೇಳುವುದು ಅತ್ಯುತ್ತಮ' ಬಂದಾಗ ಮೇಡಂ ಕುರ್ಚಿ ಹಿಡಿದು ಕುಳಿತೇಬಿಟ್ಟರು. ಅವರು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಬ್ಬಾ, ನನ್ನ ತಲೆ ಸರಿಯಾಗಿದೆ! ನನ್ನ ತಲೆ ಸರಿಯಾಗಿದೆ! ನಿಮಗೆ ತುಂಬಾ ಥ್ಯಾಂಕ್ಸ್ ಕಣ್ರೀ," ಎಂದರು. ಬೈಯಬೇಕಾದವರು ಥ್ಯಾಂಕ್ಸ್ ಹೇಳಿದರೆ ಮನುಷ್ಯ ಎಲ್ಲಿ ಮುಖ ಇಟ್ಟುಕೊಳ್ಳಬೇಕು?

ನಗು ನಿಂತ ಮೇಲೆ ಆಕೆ ಎದ್ದು ಹಾಡು ಆರಿಸಿದರು. ಆಮೇಲೆ ನನಗೆ ಕಾಣದ ಹಾಗೆ ಎಡಗಡೆ ಬಂದು ನಿಂತು ಏನೋ ಅಂದರಂತೆ. ನಾನು ಉತ್ತರಿಸಲಿಲ್ಲವಂತೆ. ಹೆಂಡತಿಯ ಮುಖ ಬದಲಾದದ್ದು ನೋಡಿ ನನಗೆ ಗೊತ್ತಾಯಿತು. ಮೇಡಂ ಬಲಗಡೆಗೆ ಬಂದು ಮೆತ್ತಗೆ ಕೇಳಿದರು, "ಎಷ್ಟು ದಿನ ಆಯ್ತು?"

"ಏನು?"

"ನಾನು ದೊಡ್ಡಾಸ್ಪತ್ರೇಲಿ ಕಿವಿ ಪರೀಕ್ಷೆ ಮಾಡೋಳು. ಇಪ್ಪತ್ತನೇ ತಾರೀಕು ನಿಮ್ಮ ಇಲಾಖೆಯವರೆಲ್ಲ ಬರ್ತಿರೋದು ನನ್ನ ಹತ್ರಾನೇ."

ನಾನು ಕಡ್ಡಿ ಹಿಡಿದುಕೊಂಡು ನೆಲದ ಮೇಲಿನ ಗುರುತನ್ನು ಒರೆಸತೊಡಗಿದೆ.

ಮನೆಗೆ ಬಂದ ಮೇಲೆ ಹೆಂಡತಿ ಬಾಗಿಲು ಹಾಕಿ, ಸೊಂಟಕ್ಕೆ ಕೈಕೊಟ್ಟು ನಿಂತಳು. "ಮೂರು ವರ್ಷ! ಮೂರು ವರ್ಷ ನಾನು ಅಡುಗೆಮನೆಯಿಂದ ಕರೆದಾಗ ನೀವು ಓ ಅನ್ಲಿಲ್ಲ. ನಾನು ಸೊಕ್ಕು ಅಂದ್ಕೊಂಡೆ. ಅದಕ್ಕೆ ಮೂರು ವರ್ಷದಿಂದ ನಿಮಗೆ ಕೆನೆ ಇಲ್ಲದ ಹಾಲು ಕೊಡ್ತಿದ್ದೀನಿ, ಗೊತ್ತಾ?"

"ಕೆನೆ ನಿಂತಿದ್ದು ಆರೋಗ್ಯಕ್ಕೆ ಅಂದ್ಕೊಂಡಿದ್ದೆ."

ಅವಳು ಅತ್ತಳೋ ನಕ್ಕಳೋ, ಎರಡೂ ಒಟ್ಟಿಗೇ ಆಯಿತು. ನನ್ನ ಬಲಗಡೆಗೆ ಕುರ್ಚಿ ಎಳೆದುಕೊಂಡು ಕೂತು, ಮೂರು ವರ್ಷದಲ್ಲಿ ನಾನು ಕೇಳಿಸಿಕೊಳ್ಳದೆ ಹೋದದ್ದನ್ನೆಲ್ಲ ಮೊದಲಿನಿಂದ ಹೇಳಲು ಶುರುಮಾಡಿದಳು. ಅರ್ಧಕ್ಕಿಂತ ಹೆಚ್ಚು ಬೈಗುಳ. ನನಗೆ ಎಷ್ಟು ಹಗುರಾಯಿತೆಂದರೆ ಒಂದಕ್ಕೂ ಎದುರಾಡಲಿಲ್ಲ.

ಪೆಟ್ಟಿಗೆಯನ್ನು ಮಾರನೇ ದಿನ ನಿಜವಾಗಿ ಕೇಳಿದೆವು, ಮೇಡಂ, ಕಾರ್ಯದರ್ಶಿ, ನಾವಿಬ್ಬರು ಕೂತು. ಈ ಸಲ ಕೆಳಗಿನ 'ಹಾಲ್' ಒತ್ತಿದೆ. ಹತ್ತಿರದಿಂದ ಕೇಳಿದರೆ ದನಿ ತಿಳಿಯಾಗಿದೆ, ಗುಂಡಿ ತಿರುಗಿಸಿದರೆ ಸದ್ದು ವಿಧೇಯವಾಗಿ ಏರುತ್ತದೆ, ತಗ್ಗುಸ್ವರ ಈ ಗಾತ್ರಕ್ಕೆ ಮೆಚ್ಚಬೇಕಾದ್ದು, ತುಂಬ ಏರಿಸಿದರೆ ಸ್ವಲ್ಪ ಕಿರುಚುತ್ತದೆ. ಇಷ್ಟನ್ನು ಬರೆದು, ಕೊನೆಗೆ 'ಎರಡು ಸ್ಪೀಕರಿನ ನಡುವೆ ಸದ್ದು ಹೇಗೆ ಹರಡುತ್ತದೆ ಎಂಬುದನ್ನು ಎರಡು ಕಿವಿ ಇರುವವರು ಹೇಳಬೇಕು' ಎಂದು ಸೇರಿಸಿ ಭಾವಮೈದುನನಿಗೆ ಕೊಟ್ಟೆ. ಅವನು ಎರಡೂ ಬರಹವನ್ನು ಅಕ್ಕಪಕ್ಕ ಅಂಟಿಸಿದ. ಜನ ಮೊದಲನೆಯದನ್ನು ಓದಿ ನಗುತ್ತಾರೆ, ಎರಡನೆಯದನ್ನು ಓದಿ ಒಳಗೆ ಬರುತ್ತಾರೆ.

ಇಪ್ಪತ್ತನೇ ತಾರೀಕು ಬಂತು. ಗಾಜಿನ ಕಿಟಕಿಯ ಸಣ್ಣ ಕೋಣೆ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಬಲಗಿವಿಗೆ ಉತ್ಸಾಹದಿಂದ ಒತ್ತಿದೆ.

"ನಾನಿನ್ನೂ ಶುರುನೇ ಮಾಡಿಲ್ಲ," ಎಂದರು ಗಾಜಿನಾಚೆಯಿಂದ ಮೇಡಂ.

ಶುರುಮಾಡಿದ ಮೇಲೂ ಚೆನ್ನಾಗಿಯೇ ಹೋಯಿತು. ಆಮೇಲೆ ಎಡಗಿವಿ. ನಿಶ್ಶಬ್ದ. ನಾನು ಗಾಜಿನೊಳಗಿಂದ ಆಕೆಯ ಭುಜ ನೋಡುತ್ತಿದ್ದೆ. ಆಕೆ ಯಂತ್ರ ಮುಟ್ಟಿದಾಗೆಲ್ಲ ಭುಜ ಸ್ವಲ್ಪ ಅಲುಗುತ್ತಿತ್ತು, ಅಲುಗಿದಾಗೆಲ್ಲ ನಾನು ಒತ್ತಿದೆ. ನಾಲ್ಕು ಸಲ ಸರಿಯಾಗಿ ಒತ್ತಿದೆ. ಐದನೆಯ ಸಲ ಆಕೆ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಬೈಯಲಿಲ್ಲ. ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡು ಕೂತರು, ಅಷ್ಟೇ. ನಾನು ಗುಂಡಿಯಿಂದ ಬೆರಳು ತೆಗೆದು, ಗುಂಡಿಯನ್ನು ಮೇಜಿನ ಮೇಲಿಟ್ಟೆ.

ಮಧ್ಯಾಹ್ನ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಂಜಿನಿಯರ ಕೋಣೆಗೆ ಹೋದೆ. ಅಗೆದ ಗುಂಡಿಗಳ ಪಟ್ಟಿಗೆ ಸಹಿ ಹಾಕಿಸಲು ಬಂದಿದ್ದ ಗುದ್ದಲಿ ಅಲ್ಲೇ ಬಾಗಿಲ ಬಳಿ ನಿಂತಿದ್ದ. ವರದಿ ಇಂಜಿನಿಯರ ಮುಂದಿತ್ತು.

"ಇದೇನು?" ಎಂದರು.

"ಕಡ್ಡಿ ಸಾರ್. ಒಪ್ಪಿಸ್ತಿದ್ದೀನಿ. ಮೂರು ವರ್ಷದಿಂದ ಎಡಗಿವಿ ಇಲ್ಲ. ಮುಚ್ಚಿಟ್ಟಿದ್ದು ತಪ್ಪಾಯ್ತು. ಯಾವತ್ತಿಂದ ಕೌಂಟರಿಗೆ ಹೋಗ್ಲಿ?"

"ಯಾವ ಕೌಂಟರ್?"

"ದೂರು ಕೌಂಟರ್. ಸೂಕ್ತ ಕ್ರಮ ಅಂತ ಬರೆದಿದ್ರಲ್ಲ ಸಾರ್."

ಇಂಜಿನಿಯರು ಕನ್ನಡಕ ತೆಗೆದರು. "ನೀವು ಪೈಪು ಕೇಳೋದು ಯಾವ ಕಿವೀಲಿ?"

"ಬಲಗಿವೀಲಿ."

"ಬಲಗಿವಿ ಇಷ್ಟು ಚುರುಕಾಗಿರೋದನ್ನ ತಾನು ನೋಡಿಲ್ಲ ಅಂತ ಬರೆದಿದ್ದಾರೆ ಆ ಮೇಡಂ. ಕೌಂಟರ್ ಅಂತ ಯಾರ್ರೀ ಹೇಳಿದ್ದು? ನಾನು ಮೊದಲು ಇದ್ದ ಕಡೆ ಒಬ್ಬ ಹೀಗೇ ರಸ್ತೆ ಮಧ್ಯ ಕಡ್ಡಿ ಊರಿ ಕೂತಿದ್ದ. ಪಕ್ಕದಿಂದ ಲಾರಿ ಬಂದದ್ದು ಅವನಿಗೆ ಕೇಳಿಸ್ಲಿಲ್ಲ. ಅವನನ್ನ ನಾವು ಉಳಿಸ್ಕೊಳ್ಳೋಕಾಗ್ಲಿಲ್ಲ. ಅದಕ್ಕೇ ಈ ಪರೀಕ್ಷೆ. ಯಾವ ಕಡೆ ಕೇಳಿಸಲ್ವೋ ಆ ಕಡೆ ಒಬ್ಬನ್ನ ಕಾವಲು ನಿಲ್ಲಿಸ್ಬೇಕು. ಅದೇ ಸೂಕ್ತ ಕ್ರಮ." ಕಡ್ಡಿಯನ್ನು ನನ್ನ ಕಡೆಗೆ ತಳ್ಳಿ, ಬಾಗಿಲ ಕಡೆ ನೋಡಿದರು. "ನೀನೇ ಅಲ್ವಾ ಇವರ ಜೊತೆ ಅಗೆಯೋನು? ನಾಳೆಯಿಂದ ಇವರು ಕೇಳೋವಾಗ ನೀನು ಎಡಗಡೆ ನಿಂತು ಗಾಡಿ ನೋಡ್ಬೇಕು. ಆರ್ಡರ್ ಕೊಡ್ತೀನಿ."

ಗುದ್ದಲಿ ಪಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ಆರ್ಡರ್ ಬೇಡ ಸಾರ್," ಎಂದ. "ಇವನಿಗೆ ಆ ಜ್ವರ ಬಂದು ಹೋದಾಗಿಂದ ನಾನು ಅಲ್ಲೇ ನಿಂತಿದ್ದೀನಿ."

ಸಾವಿರ ಮುಂಜಾವು ನಾನು ಕಣ್ಣು ಮುಚ್ಚಿ ನೆಲದ ಗುಟ್ಟು ಕೇಳುತ್ತ, ಈ ಊರಲ್ಲಿ ನನ್ನಷ್ಟು ತಿಳಿದವನಿಲ್ಲ ಎಂದುಕೊಂಡು ಕೂತಿದ್ದೆ. ಆ ಸಾವಿರ ಮುಂಜಾವೂ ಇವನು ಅಗೆಯುವುದಕ್ಕೆ ಕಾಯುತ್ತ ಸುಮ್ಮನೆ ನಿಂತಿದ್ದಾನೆ ಎಂದೇ ನಾನು ತಿಳಿದಿದ್ದೆ. ಇಂಜಿನಿಯರು ಏನೋ ಕೇಳಿದರು, ನನಗೆ ಉತ್ತರಿಸಲಾಗಲಿಲ್ಲ. ಅದಕ್ಕೆ ಕಿವಿ ಕಾರಣವಲ್ಲ.

ಮಾರನೇ ದಿನ ಮುಂಜಾನೆ ಮಾರುಕಟ್ಟೆಯ ತಿರುವಿನಲ್ಲಿ ಕೆಲಸವಿತ್ತು. ನಾನು ಕಡ್ಡಿ ಊರಿ ಕೂತೆ. ಗುದ್ದಲಿ ಎಂದಿನಂತೆ ನಿಂತ. ಹಾಲಿನ ವ್ಯಾನೊಂದು ಬಂತೆಂದು ಕಾಣುತ್ತದೆ, ಅವನ ಕೈ ನನ್ನ ಭುಜದ ಮೇಲೆ ಬಿದ್ದು, ಗಾಡಿ ದಾಟಿ ಹೋಗುವವರೆಗೂ ಅಲ್ಲೇ ಇತ್ತು.

"ನಿನ್ನಿಂದ ದೊಡ್ಡ ಉಪಕಾರ ಆಯ್ತು ಕಣೋ," ಎಂದೆ, ತಲೆ ಎತ್ತದೆ.

ಅವನು ಎಡಗಡೆಯಿಂದ ಏನೋ ಅಂದ. ನನಗೆ ಕೇಳಿಸಲಿಲ್ಲ. ಕೆಳಗೆ ನೀರು ಸುಯ್ಯೆನ್ನುತ್ತಿತ್ತು. ನಾನು ಗುರುತು ಹಾಕಿದೆ, ಅವನು ಅಗೆಯತೊಡಗಿದ.